ಕುಣಿದರೆ ಜಾಗ ಉಳಿಯುತ್ತಾ? ನಮ್ಮನೆ ಗುಂಪಿನಲ್ಲಿ ಒಂದು ಭಾನುವಾರ

ಗುಂಪು: ಹೊಸಮನೆ ಬಳಗ

ಮೇಘನಾ (9:12)
[ವಿಡಿಯೊ, 1:48]
"ಮನೆ ಕೆಡವಲು ಬಂದ ಬುಲ್ಡೋಜರ್ ಎದುರು ಕುಣಿದು ತಮ್ಮ ಬಡಾವಣೆ ಉಳಿಸಿಕೊಂಡ ಬೀದಿ ಕಲಾವಿದರು! ಹತ್ತು ಜನಕ್ಕೆ ಕಳಿಸಿ."
ಎಲ್ಲಾರೂ ನೋಡಿ. ಇನ್ಮೇಲೆ ಡ್ಯಾನ್ಸ್ ಕ್ಲಾಸಿಗೆ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯ ಅಂತ ಯಾರೂ ಕೇಳ್ಬಾರ್ದು.

ಕಿಟ್ಟಿ ಮಾವ (9:14)
🙏🌹 ಶುಭ ಭಾನುವಾರ 🌹🙏

ಸುರೇಶ (9:31)
ನೋಡ್ದೆ. ಮರಗಾಲು ಕಟ್ಕೊಂಡು ಕುಣಿಯೋ ಹುಡುಗ ಭೇಷ್. ಆದ್ರೆ ಮೇಘಾ, ಬುಲ್ಡೋಜರ್ ಕುಣಿತಕ್ಕೆ ನಿಲ್ಲಲ್ಲ, ಸ್ಟೇ ಆರ್ಡರ್‌ಗೆ ನಿಲ್ಲುತ್ತೆ. ಇಪ್ಪತ್ತೆರಡು ವರ್ಷ ಸೈಟಲ್ಲಿ ಬಿಸಿಲು ಕಾಯ್ದಿರೋನು ಹೇಳ್ತಿದೀನಿ.

ಮೇಘನಾ (9:33)
ಸ್ಟೇ ತರೋಕೆ ವಕೀಲರು ಬೇಕು, ವಕೀಲರಿಗೆ ಫೀಸು ಬೇಕು. ಅವರ ಹತ್ರ ಇದ್ದಿದ್ದು ಡೋಲು ಮತ್ತೆ ಕಾಲು ಸುರೇಶಣ್ಣ. ಇರೋದನ್ನ ತಾನೇ ಬಳಸೋದು? ಮತ್ತೆ ಉಳೀತಲ್ಲ, ಬರ್ದಿದೆ ನೋಡು.

ರಾಘು ಚಿಕ್ಕಪ್ಪ (9:50)
ಮೇಘಾ, ಇದು ಎಲ್ಲಿಯ ವಿಡಿಯೊ ಅಂತ ಗೊತ್ತೇನಮ್ಮ?

ಮೇಘನಾ (9:50)
ಇಲ್ಲ ಚಿಕ್ಕಪ್ಪ. ಫ್ರೆಂಡ್ ಕಳಿಸಿದ್ಲು.

ರಾಘು ಚಿಕ್ಕಪ್ಪ (9:58)
ದೆಹಲಿಯ ಶಾದಿಪುರ. ಹಿಂದೆ ಫ್ಲೈಓವರ್ ಕಾಣ್ತಿದೆ. ನಮ್ಮ ಪಟೇಲ್ ನಗರದ ಮನೆಯಿಂದ ನಡೆದು ಹೋಗೋಷ್ಟು ದೂರ. ಕಠಪುತಲಿ ಕಾಲೊನಿ ಅಂತಿದ್ರು. ಆ ಮರಗಾಲಿನ ಹುಡುಗರನ್ನ ನಾನು ಎಷ್ಟು ಸಲ ನೋಡಿಲ್ಲ!
ಉಳೀಲಿಲ್ಲಮ್ಮ ಅದು. 2017ರ ಅಕ್ಟೋಬರ್ 30ಕ್ಕೆ ಕೆಡವೋಕೆ ಶುರು ಮಾಡಿದ್ರು. ನಿನ್ನ ವಿಡಿಯೊ ಅದಕ್ಕೂ ಹಿಂದಿನದು.

ಸುರೇಶ (9:59)
😂😂 ಹತ್ತು ಜನಕ್ಕೆ ಕಳಿಸಿ.

ಮೇಘನಾ (10:01)
ನಗೋ ವಿಷಯ ಏನಿದೆ ಇದ್ರಲ್ಲಿ?

ಸುರೇಶ (10:09)
ನಗ್ತಿರೋದು ಕ್ಯಾಪ್ಷನ್‌ಗೆ. ಈ ಪ್ರಾಜೆಕ್ಟ್ ನನಗೆ ಗೊತ್ತು, ಒಂದು ಟ್ರೇನಿಂಗಲ್ಲಿ ಪಾಠ ಮಾಡಿದ್ರು. ಡಿಡಿಎ, ಅಂದ್ರೆ ದೆಹಲಿ ಅಭಿವೃದ್ಧಿ ಪ್ರಾಧಿಕಾರ, 2009ರಲ್ಲಿ ಖಾಸಗಿ ಬಿಲ್ಡರ್ ಜೊತೆ ಒಪ್ಪಂದ ಮಾಡ್ಕೊಂಡಿತ್ತು. ಗುಡಿಸಲಲ್ಲಿ ಇರೋರನ್ನ ಊರಾಚೆ ಎಸೆಯೋದಲ್ಲ, ಇದ್ದ ಜಾಗದಲ್ಲೇ ಸುಮಾರು 2,800 ಮನೆ ಕಟ್ಟಿಕೊಡೋದು. ದೆಹಲಿಯಲ್ಲಿ ಆ ಥರದ್ದು ಅದೇ ಮೊದಲು. ಒಳಚರಂಡಿ, ನಲ್ಲಿ ನೀರು, ಮನೆಗೊಂದು ಕಕ್ಕಸು. ಇದನ್ನ ವಿರೋಧಿಸಿ ಕುಣಿದ್ರೆ ನಾನು ಯಾಕೆ ಚಪ್ಪಾಳೆ ಹೊಡೀಬೇಕು? ಚರಂಡಿ ಮೇಲೆ ಹಲಗೆ ಹಾಕ್ಕೊಂಡು ಬದುಕೋದು ಕಲೆ ಅಲ್ಲ.

ರಾಘು ಚಿಕ್ಕಪ್ಪ (10:12)
ಪೂರ್ತಿ ಹೇಳು ಸುರೇಶ. ಬಿಲ್ಡರ್‌ಗೆ ಏನು ಸಿಗ್ತಿತ್ತು?

ಸುರೇಶ (10:15)
ಅದೇ ಜಾಗದ ಒಂದು ಭಾಗದಲ್ಲಿ ಅಂಗಡಿ ಕಾಂಪ್ಲೆಕ್ಸು, ದುಬಾರಿ ಫ್ಲಾಟು. ಅವನೂ ಪುಕ್ಕಟೆ ಕಟ್ಟಿಕೊಡೋಕಾಗುತ್ತಾ ಚಿಕ್ಕಪ್ಪ?

ರಾಘು ಚಿಕ್ಕಪ್ಪ (10:16)
ಐವತ್ತನಾಲ್ಕು ಅಂತಸ್ತಿನ ಟವರು, 170 ಫ್ಲಾಟು. ನಾನು ಅಲ್ಲೇ ಇದ್ದೆ ಕಣೋ, ನನಗೂ ಪೇಪರ್ ಬರ್ತಿತ್ತು.

ಕಿಟ್ಟಿ ಮಾವ (10:20)
ಬೆಳಗ್ಗೆ ಬೆಳಗ್ಗೆ ಯಾಕಪ್ಪ ಜಗಳ. ಎಲ್ಲರೂ ಬಿಸಿ ನೀರಿಗೆ ಜೀರಿಗೆ ಹಾಕಿ ಕುಡಿಯಿರಿ.

ರಾಘು ಚಿಕ್ಕಪ್ಪ (10:47)
ಟೈಪ್ ಮಾಡೋಕೆ ಹೊತ್ತಾಯ್ತು, ಕೈ ನೋವು. ಓದಿ.

ಸುರೇಶ ಹೇಳಿದ್ದು ಸುಳ್ಳಲ್ಲ. ಅಲ್ಲಿ ಮಳೆಗಾಲದಲ್ಲಿ ಕಾಲಿಡೋಕೆ ಆಗ್ತಿರಲಿಲ್ಲ. ಅಲ್ಲಿಯವರೂ ಎಲ್ಲರೂ ಬೇಡ ಅನ್ನಲಿಲ್ಲ. ಮನೆ ಬೇಕು, ಆದ್ರೆ ಅದು ಹೇಗಿರಬೇಕು ಅಂತ ನಮ್ಮನ್ನ ಕೇಳಿ ಅಂದ್ರು. ಯಾಕೆ ಅಂತ ಅವರ ಕೆಲಸ ನೋಡಿದ್ರೆ ಅರ್ಥ ಆಗುತ್ತೆ. ರಾಜಸ್ಥಾನದ ಗೊಂಬೆಯಾಟದ ಭಾಟರು 1970ರ ದಶಕದಿಂದ ಬಂದು ನೆಲೆಸಿದ್ದ ಜಾಗ. ಆಮೇಲೆ ಜಾದೂಗಾರರು, ನಮ್ಮ ಕಡೆ ದೊಂಬರು ಅಂತೀವಲ್ಲ ಆ ಥರ ಹಗ್ಗದ ಮೇಲೆ ನಡೆಯೋರು, ಡೋಲಿನವರು, ಕುಣಿಯೋರು ಸೇರ್ಕೊಂಡ್ರು. ಹಗ್ಗ ಕಟ್ಟೋಕೆ ಎರಡು ಕಂಬ, ನಡುವೆ ನೆಲ ಬೇಕು. ಮರಗಾಲಿನವನಿಗೆ ತಲೆ ಮೇಲೆ ಆಕಾಶ ಬೇಕು. ಆಳೆತ್ತರದ ಗೊಂಬೆ ಇಡೋಕೆ, ಕೆತ್ತೋಕೆ ಅಂಗಳ ಬೇಕು. ಮೂವತ್ತು ಚದರ ಮೀಟರ್ ಆಸುಪಾಸಿನ ಫ್ಲಾಟು, ಅದೂ ಎಷ್ಟನೇ ಮಹಡಿಯೋ! ಹತ್ತಡಿ ಸೂರಿನ ಕೆಳಗೆ ಮರಗಾಲು ಕಟ್ಟಿ ಮಗನಿಗೆ ಕಲಿಸು ಅಂದ್ರೆ ಹೇಗೆ ಕಲಿಸ್ತಾನೆ? ಗುಂಪು ಕಟ್ಟೋದೂ ಹಾಗೇ. ಮದುವೆ ಆರ್ಡರ್ ಬಂದ್ರೆ ಹತ್ತು ನಿಮಿಷದಲ್ಲಿ ಗಲ್ಲಿಯಿಂದ ಐದು ಡೋಲು, ಒಬ್ಬ ಜಾದೂಗಾರ, ಇಬ್ಬರು ಕುಣಿಯೋರು ಹೊರಟು ನಿಲ್ತಿದ್ರು. ಆ ಗಲ್ಲಿಯೇ ಅವರ ಆಫೀಸು.

ಇನ್ನೊಂದು ವಿಷಯ ಕೇಳಿ, ನನಗೆ ಇವತ್ತಿಗೂ ಮೈ ಉರಿಯುತ್ತೆ. 1985ರಲ್ಲಿ ಭಾರತೋತ್ಸವಕ್ಕೆ ಅಂತ ಬೀದಿ ಕಲಾವಿದರನ್ನ ಸರ್ಕಾರವೇ ವಾಷಿಂಗ್ಟನ್‌ಗೆ ಕರ್ಕೊಂಡು ಹೋಯ್ತು, ಅದರಲ್ಲಿ ಈ ಕಾಲೊನಿಯವರೂ ಇದ್ರು. ವಾಪಸ್ ಬಂದು ಅದೇ ಆಟ ಕನಾಟ್ ಪ್ಲೇಸಲ್ಲಿ ಆಡಿದ್ರೆ ಪೊಲೀಸು ಹಿಡೀಬಹುದಾಗಿತ್ತು. ದೆಹಲಿಗೂ ಹಚ್ಚಿದ್ದ 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯಲ್ಲಿ ಹಾಡು, ಕುಣಿತ, ಆಟ ತೋರಿಸೋ ನೆಪದಲ್ಲಿ ಕಾಸು ಕೇಳೋದೂ ಭಿಕ್ಷೆ ಅಂತಲೇ ಬರೆದಿತ್ತು. ನೆಪ ಅಂತೆ! ದೆಹಲಿ ಹೈಕೋರ್ಟು ಆ ಕಾಯ್ದೆಯ ಮುಖ್ಯ ಕಲಮುಗಳನ್ನ ಹೊಡೆದು ಹಾಕಿದ್ದು 2018ರ ಆಗಸ್ಟಲ್ಲಿ. ಅಷ್ಟೊತ್ತಿಗೆ ಕಾಲೊನಿ ಕೆಡವೋಕೆ ಶುರು ಮಾಡಿ ಒಂಬತ್ತು ತಿಂಗಳು ದಾಟಿತ್ತು.

ಮೇಘನಾ (10:52)
ಕುಣಿದ್ರೆ ಭಿಕ್ಷುಕರು ಅನ್ನೋದಾ???

ಅನು (10:55)
ಅಪ್ಪ ಇಷ್ಟುದ್ದ ಬರೆದಿದ್ದು ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಆದ್ಮೇಲೆ ಇದೇ ಮೊದಲು.

ಸುರೇಶ (11:03)
ಚಿಕ್ಕಪ್ಪ, ಸೂರಿನ ಎತ್ತರದ ಮಾತು ಒಪ್ಪಿದೆ. ಅದು ಡಿಸೈನ್ ತಪ್ಪು. ಆದ್ರೆ ನನ್ನ ಮಾತೂ ಅದೇ ಅಲ್ವಾ? ಪ್ಲಾನ್ ತಯಾರಾಗೋವಾಗ ಕಾಗದದಲ್ಲಿ ಬರೆಸಬೇಕಿತ್ತು. ಕೆಡವೋ ಹೊತ್ತಲ್ಲಿ ಡೋಲು ಬಡಿದ್ರೆ ಏನು ಬಂತು? ಕುಣಿತ ಸೋತಿತು. ಪಾಯಿಂಟ್ ಕ್ಲೋಸ್.

ಮೇಘನಾ (11:20)
ಕ್ಲೋಸ್ ಆಗಿಲ್ಲ. ಲಂಡನ್‌ನಲ್ಲಿ ಥೇಮ್ಸ್ ದಡದಲ್ಲಿ ಕ್ವೀನ್ ಎಲಿಜಬೆತ್ ಹಾಲ್ ಇದೆ. ಅದರ ತಳದಲ್ಲಿ ಕಾಂಕ್ರೀಟ್ ಕಂಬಗಳ ಮಧ್ಯೆ ಒಂದು ಜಾಗ. 1970ರ ದಶಕದಿಂದ ಸ್ಕೇಟ್‌ಬೋರ್ಡ್ ಹುಡುಗರು ಅಲ್ಲೇ ಆಡೋದು. 2013ರಲ್ಲಿ ಅಲ್ಲಿ ಅಂಗಡಿ ಮಾಡ್ತೀವಿ, ನೀವು ಪಕ್ಕದ ಸೇತುವೆ ಕೆಳಗೆ ಹೋಗಿ ಅಂದ್ರು. ಹುಡುಗರು ಜಾಗ ಬಿಡ್ಲಿಲ್ಲ, ಆಡ್ತಾನೇ ಇದ್ರು. 2014ರ ಸೆಪ್ಟೆಂಬರಲ್ಲಿ ಒಪ್ಪಂದ ಆಗಿ ಜಾಗ ಅವರಿಗೇ ಉಳೀತು. ಇದು ಫಾರ್ವರ್ಡ್ ಅಲ್ಲ, ಈಗ ಹುಡುಕಿ ಓದಿದ್ದು.

ಸುರೇಶ (11:31)
ನಾನೂ ಹುಡುಕಿದೆ. ಅದೇ ಲೇಖನದ ಕೆಳಗೆ ಓದು. 27 ಸಾವಿರಕ್ಕೂ ಹೆಚ್ಚು ಲಿಖಿತ ಆಕ್ಷೇಪಣೆ ಹೋಗಿದೆ ಪ್ಲಾನಿಂಗ್ ಆಫೀಸಿಗೆ. ಉಳಿಸಿದ್ದು ಅದು. ಕಾಗದ!

ಮೇಘನಾ (11:32)
ಆ 27 ಸಾವಿರ ಜನ ಎಲ್ಲಿಂದ ಬಂದ್ರು? ಆಟ ನೋಡೋಕೆ ನಿಂತೋರು ತಾನೇ? ಅಲ್ಲೇ ಟೇಬಲ್ ಹಾಕ್ಕೊಂಡು ಸಹಿ ಹಾಕಿಸಿದಾರೆ.

ಸುರೇಶ (11:36)
ಹ್ಮ್.

ಸುರೇಶ (11:38)
ಸರಿ, ಟೇಬಲ್ ಒಪ್ಪಿದೆ. ಆದ್ರೆ ಆ ಹುಡುಗರದ್ದು ಆಟದ ಜಾಗ, ಮನೆ ಅಲ್ಲ. ಸಂಜೆ ಮನೆಗೆ ಹೋಗಿ ಮಲಗ್ತಾರೆ, ಬೆಳಗ್ಗೆ ಬಂದು ಟೇಬಲ್ ಹಾಕ್ತಾರೆ. ಕಠಪುತಲಿಯವರಿಗೆ ದಿನಗೂಲಿ ಬಿಟ್ಟು ಟೇಬಲ್ ಕಾಯೋಕೆ ಯಾರಿದ್ರು?

ರಾಘು ಚಿಕ್ಕಪ್ಪ (11:40)
ಇದು ಸರಿಯಾದ ಮಾತು. ಜೊತೆಗೆ ಯಾರನ್ನ ಒಂದು ಕುಟುಂಬ ಅಂತ ಎಣಿಸಬೇಕು ಅನ್ನೋದರಲ್ಲೇ ಅರ್ಧ ಜಗಳ. ಪಟ್ಟಿಯಲ್ಲಿ ಇರೋ ಹೆಸರಿಗಿಂತ ಜನ ಜಾಸ್ತಿ ಅಂತ ಅವರು ಹೇಳ್ತಾನೇ ಇದ್ರು.

ಅನು (11:44)
ಈಗ ಎಲ್ಲಿದಾರೆ ಅಪ್ಪ ಅವರು?

ರಾಘು ಚಿಕ್ಕಪ್ಪ (11:51)
ಆನಂದ್ ಪರ್ಬತ್‌ನ ಟ್ರಾನ್ಸಿಟ್ ಕ್ಯಾಂಪಿಗೆ ಕಳಿಸಿದ್ರು, ಕೆಲವರನ್ನ ದೂರದ ನರೇಲಾಕ್ಕೆ. ಸ್ವಲ್ಪ ಕಾಲ ಅಷ್ಟೇ ಅಂದಿದ್ರು. ಕೊರೊನಾ ಬಂದು ಹೋಯ್ತು, ಆಮೇಲೂ ಎಷ್ಟೋ ಸಂಸಾರ ಆ ತಗಡಿನ ಕೆಳಗೇ ಇದ್ವು. ನಾನು ರಿಟೈರಾಗಿ ಇಲ್ಲಿಗೆ ಬಂದ್ಬಿಟ್ಟೆ.

ಮೇಘನಾ (11:53)
ಹಾಗಾದ್ರೆ ಕುಣಿದಿದ್ದು ವೇಸ್ಟಾ ಚಿಕ್ಕಪ್ಪ?

ರಾಘು ಚಿಕ್ಕಪ್ಪ (12:02)
ಗೊತ್ತಿಲ್ಲಮ್ಮ. ಆ ದಿನ ಡೋಲಿನ ಸದ್ದು ಕೇಳಿ ನಾನು ಸ್ಕೂಟರ್ ನಿಲ್ಲಿಸಿ ಅರ್ಧ ಗಂಟೆ ನೋಡಿದೆ. ಆಫೀಸರ್‌ಗಳಂಥ ಜನ ಸುಮಾರು ಮಂದಿ ನಿಂತಿದ್ರು. ಯಾರಾದ್ರೂ ಒಂದು ಪ್ಯಾಡು ಪೆನ್ನು ಚಾಚಿದ್ರೆ ಸಹಿ ಹಾಕ್ತಿದ್ದೆ ಅನ್ಸುತ್ತೆ. ಯಾರೂ ಚಾಚಲಿಲ್ಲ. ನಾನೂ ಕೇಳಲಿಲ್ಲ. ಚಪ್ಪಾಳೆ ಹೊಡೆದು ಮನೆಗೆ ಬಂದೆ.

ವಿಮಲಾ ಚಿಕ್ಕಮ್ಮ (12:10)
ಚಪ್ಪಾಳೆ ಮಾತ್ರ ಅಲ್ಲ. ಅನು ಮದುವೆ ದಿಬ್ಬಣಕ್ಕೆ ಡೋಲಿನವರು ಬಂದಿದ್ದು ಅದೇ ಕಾಲೊನಿಯಿಂದ. ನಾಲ್ಕು ಜನ. ಇವರು ಗಲ್ಲಿಯಲ್ಲಿ ನಿಂತು ಒಂದು ಗಂಟೆ ಚೌಕಾಸಿ ಮಾಡಿದ್ರು. ಕೊನೆಗೆ ಮೂರು ಜನದ ದುಡ್ಡು ಕೊಟ್ರು. ನಾಲ್ಕನೆಯವನು ಹುಡುಗ, ಕಲೀತಿದಾನೆ, ಅವನಿಗ್ಯಾಕೆ ಅಂತ.

ಸುರೇಶ (12:11)
ಚಿಕ್ಕಪ್ಪ!!

ರಾಘು ಚಿಕ್ಕಪ್ಪ (12:19)
ಹೌದು ಕಣೋ. ಆಗ ಎಲ್ಲಾರೂ ಹಾಗೇ ಮಾಡ್ತಿದ್ರು.

ಮೇಘನಾ (12:20)
ಅನು ಅಕ್ಕಾ ಫೋಟೊ ಇದೆಯಾ? ಆ ಹುಡುಗನ್ನ ನೋಡ್ಬೇಕು.

ಅನು (12:48)
[ಫೋಟೊ]
ಆಲ್ಬಮ್ ಪೂರ್ತಿ ಹುಡುಕಿದೆ, ಸಿಕ್ಕಿದ್ದು ಇದೊಂದೇ. ಫೋಟೊಗ್ರಾಫರ್ ಬೀಗರನ್ನ ಹಿಡಿಯೋ ಭರದಲ್ಲಿ ಇವರನ್ನೆಲ್ಲ ಅಂಚಿಗೆ ತಳ್ಳಿದಾನೆ. ಬಲಗಡೆ ತುದೀಲಿ ಒಂದು ಡೋಲು, ಎರಡು ಪುಟ್ಟ ಕೈ. ಮುಖ ಬಂದಿಲ್ಲ.

ಕಿಟ್ಟಿ ಮಾವ (12:50)
ಅದು ನಾನಾ ಮಧ್ಯದಲ್ಲಿ? ಆಗ ಕೂದಲಿತ್ತು.