ಗ್ಯಾರೇಜ್ ಇಲ್ಲ, ಸ್ಪೋರ್ಟ್ಸ್ ಕಾರು ಅಂಗಳದಲ್ಲೇ ನಿಲ್ಲಬೇಕು: ಗೊತ್ತಿದ್ದವರು ಹೇಳಿ

ಪ್ರಶ್ನೆ: ಎರಡು ಸೀಟಿನ, ಬಟ್ಟೆ ಟಾಪಿನ ಕಾರು. ಮನೆಗೆ ಗ್ಯಾರೇಜ್ ಇಲ್ಲ, ಕಟ್ಟಿಸುವ ಜಾಗವೂ ಇಲ್ಲ. ವಾರಕ್ಕೊಮ್ಮೆ ಓಡಿದರೆ ಹೆಚ್ಚು. ಮಳೆ ಹಿಡಿದರೆ ಎರಡು ಮೂರು ತಿಂಗಳು ನಿಂತಲ್ಲೇ. ಕವರ್ ಹಾಕಬೇಕೋ ಬೇಡವೋ ಎಂಬಲ್ಲೇ ಒಬ್ಬೊಬ್ಬರದು ಒಂದೊಂದು ಮಾತು. ಬ್ಯಾಟರಿ, ಟೈರು, ಇಲಿ ಕಾಟ ಎಲ್ಲದರ ಬಗ್ಗೆಯೂ ತಿಳಿಸಿ.

ಉತ್ತರ: ಕವರ್ ಹಾಕಿದರೆ ಪೇಂಟ್ ಹಾಳು ಅನ್ನುವವರೂ ಸರಿ, ಹಾಕದಿದ್ದರೆ ಹಾಳು ಅನ್ನುವವರೂ ಸರಿ. ಅವರು ನೋಡಿದ ಕವರುಗಳು ಬೇರೆ ಬೇರೆ, ಅಷ್ಟೆ. ಟಾರ್ಪಾಲು ಅಥವಾ ಪ್ಲಾಸ್ಟಿಕ್ ಹಾಳೆ ಹೊರಗಿನ ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ಆವಿಯನ್ನು ಹೊರಗೂ ಬಿಡುವುದಿಲ್ಲ. ರಾತ್ರಿ ನೆಲದಿಂದ ಎದ್ದ ಪಸೆ ಕವರಿನ ಒಳಮೈಗೆ ಹನಿಗಟ್ಟಿ ಪೇಂಟಿನ ಮೇಲೆ ಕೂರುತ್ತದೆ, ಬಿಸಿಲೇರಿದಾಗ ಅಲ್ಲೇ ಬೇಯುತ್ತದೆ. ಕ್ಲಿಯರ್ ಕೋಟ್ (ಪೇಂಟಿನ ಮೇಲಿನ ಪಾರದರ್ಶಕ ಪದರ) ಮೇಲೆ ಬರುವ ಬಿಳಿ ಮಬ್ಬು ಹೀಗೆ ಶುರುವಾಗುವುದು. ನಿಮಗೆ ಬೇಕಾದದ್ದು ಆವಿಯನ್ನು ಹೊರಬಿಡುವ, ನಾಲ್ಕೈದು ಪದರದ, ಒಳಮೈ ಮೃದುವಾದ ಕವರ್. ನಿಮ್ಮ ಮಾಡೆಲ್‌ನ ಅಳತೆಗೇ ಹೊಲಿದದ್ದಾಗಿರಬೇಕು. ಸಡಿಲ ಕವರ್ ಗಾಳಿಗೆ ಪಟಪಟ ಬಡಿಯುತ್ತದೆ. ನಡುವೆ ಧೂಳು ಸೇರಿದರೆ ಮರಳು ಕಾಗದದಿಂದ ಉಜ್ಜಿದಂತೆಯೇ. ಗೀರು ಮೊದಲು ಕಾಣುವುದು ಕನ್ನಡಿಯ ತುದಿ, ಬಂಪರ್ ಮೂಲೆ, ಹಿಂಚಕ್ರದ ಮೇಲಿನ ಉಬ್ಬಿನಲ್ಲಿ. ಕಾರಿನ ಅಡಿಯಿಂದ ಹಾಯಿಸಿ ಬಿಗಿಯುವ ಪಟ್ಟಿ ಎರಡಾದರೂ ಇರಲಿ.

ತೊಳೆದು ಪೂರ್ತಿ ಒಣಗಿದ ಕಾರಿಗೆ ಮಾತ್ರ ಹೊದಿಸಿ. ಓಡಿಸಿ ಬಂದ ತಕ್ಷಣ ಬೇಡ: ಎಕ್ಸಾಸ್ಟ್ ತುದಿಗೆ ತಾಗಿದ ಬಟ್ಟೆ ಕರಗಿ ಅಂಟಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಆರಲಿ. ತೆಗೆಯುವಾಗ ಎರಡೂ ಬದಿಯಿಂದ ನಡುವಿಗೆ ಮಡಚಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಸುತ್ತಿ. ಒಳಮೈ ನೆಲ ಮುಟ್ಟಲೇಬಾರದು. ದಿನಾ ಓಡಿಸುವ ಕಾರಾಗಿದ್ದರೆ ಕವರ್ ಬೇಡವೇ ಬೇಡ ಅನ್ನುತ್ತಿದ್ದೆ. ದಿನಾ ಧೂಳಿನ ಮೇಲೆ ಎಳೆದೆಳೆದು ಆಗುವ ಹಾನಿಯೇ ಜಾಸ್ತಿ.

ಉತ್ತರ: ಕವರಿಗಿಂತ ಮೊದಲು ಜಾಗ ನೋಡಿ. ಹುಲ್ಲು, ಬರಿ ಮಣ್ಣಿನ ಮೇಲೆ ನಿಲ್ಲಿಸಬೇಡಿ. ಅಡಿಭಾಗ ಸದಾ ಪಸೆಯಲ್ಲೇ ಇರುತ್ತದೆ, ತುಕ್ಕು ಕಾಣದ ಕಡೆ ಹಿಡಿಯುತ್ತದೆ. ಕಾಂಕ್ರೀಟ್ ಆಗಲಿ, ಕಲ್ಲುಹಾಸು ಆಗಲಿ, ನೀರು ಹರಿದುಹೋಗುವಂತಿರಲಿ. ಮರದಡಿ ನೆರಳು ಸಿಗುತ್ತದೆಂದು ಆಸೆಪಡಬೇಡಿ. ಮರದ ಅಂಟು, ಹಕ್ಕಿ ಹಿಕ್ಕೆ ಎರಡೂ ಬಿಸಿಲಿಗೆ ಪೇಂಟನ್ನು ತಿನ್ನುತ್ತವೆ. ಹಿಕ್ಕೆ ಬಿದ್ದರೆ ಒರೆಸಬಾರದು, ಒದ್ದೆ ಮೈಕ್ರೋಫೈಬರ್ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಇಟ್ಟು ನೆನೆಸಿ ಎತ್ತಬೇಕು. ನಾಲ್ಕು ಕಂಬ ನೆಟ್ಟು ಮೇಲೊಂದು ಪಾಲಿಕಾರ್ಬೊನೇಟ್ ಶೀಟ್ ಹಾಕಿಸುವಷ್ಟು ಜಾಗವಿದ್ದರೆ ನನ್ನ ಓಟು ಅದಕ್ಕೇ. ಬಿಸಿಲು, ಹಿಕ್ಕೆ, ಮಳೆ ಮೂರೂ ತಪ್ಪುತ್ತವೆ, ಗಾಳಿ ಆಡುತ್ತದೆ, ಏನೂ ಪೇಂಟಿಗೆ ಉಜ್ಜುವುದಿಲ್ಲ.

ಉತ್ತರ: ಬ್ಯಾಟರಿ ಲೆಕ್ಕ. ಬೀಗ ಹಾಕಿ ನಿಂತ ಕಾರು ಕೂಡ ಅಲಾರಂ, ಕೀ ರಿಸೀವರ್‌ಗಳಿಗಾಗಿ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತದೆ ಅಂದುಕೊಳ್ಳಿ. ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್. 60ರ ಬ್ಯಾಟರಿ ತಿಂಗಳಲ್ಲಿ ಅರ್ಧ ಖಾಲಿ. ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದರೆ ಇನ್ನೂ ಬೇಗ. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.4ಕ್ಕೆ ಇಳಿದರೆ ಚಾರ್ಜ್ ಮಾಡಿ. ಅದಕ್ಕಿಂತ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಪೂರ್ತಿ ತುಂಬುವುದಿಲ್ಲ.

ಬ್ಯಾಟರಿ ತುಂಬಿದೊಡನೆ ತಾನೇ ತಗ್ಗುವ ಸ್ಮಾರ್ಟ್ ಚಾರ್ಜರ್ (ಮೇಂಟೇನರ್) ಹಾಕಿಟ್ಟುಬಿಡುವುದೇ ಒಳ್ಳೆಯದು. ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಳೆಗೆ ಹೀರಿಸಿದ ಬಗೆ) ಅಥವಾ ಲಿಥಿಯಂ ಬ್ಯಾಟರಿಯಾದರೆ ಅದಕ್ಕೆ ತಕ್ಕ ಮೋಡ್ ಇರಬೇಕು. ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿ ಕಂಬಕ್ಕೆ (ಟರ್ಮಿನಲ್) ಹಾಕಬೇಡಿ, ಬಾಡಿಯ ಅರ್ಥ್ ಬೋಲ್ಟಿಗೆ ಹಾಕಿ. ಆ ಕಂಬದ ಮೇಲೆ ಕರೆಂಟ್ ಸೆನ್ಸರ್ ಇದ್ದು, ಕ್ಲಿಪ್ಪನ್ನು ಅಲ್ಲೇ ಹಾಕಿದರೆ, ನೀವು ತುಂಬಿಸಿದ್ದು ಕಾರಿನ ಲೆಕ್ಕಕ್ಕೇ ಬರುವುದಿಲ್ಲ. ಹೊರಗಿನ ಪ್ಲಗ್‌ಗೆ 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಡಿ (ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್), ನೀರು ನುಗ್ಗದ ಬಾಕ್ಸ್ ಕಡ್ಡಾಯ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ: ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದ್ದು, ಆ ಡಿಕ್ಕಿಯ ಬೀಗ ಕರೆಂಟಿನದಾದರೆ, ಬ್ಯಾಟರಿ ಸತ್ತ ದಿನ ಡಿಕ್ಕಿ ತೆಗೆಯುವುದಕ್ಕೇ ಆಗುವುದಿಲ್ಲ. ಪೋರ್ಷ 911ರ 997 ಮಾದರಿಯಲ್ಲಿ ಇದಕ್ಕೆಂದೇ ಫ್ಯೂಸ್ ಬಾಕ್ಸಿನಲ್ಲಿ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡಲು ಹೊರಗೆಳೆಯುವ ಪಾಸಿಟಿವ್ ಕಡ್ಡಿ ಇದೆ. ನಿಮ್ಮ ಕಾರಿನದು ಎಲ್ಲಿದೆ ಎಂದು ಮ್ಯಾನುಯಲ್‌ನಲ್ಲಿ ಈಗಲೇ ನೋಡಿಟ್ಟುಕೊಳ್ಳಿ. ಬ್ಯಾಟರಿ ಕಳಚಿಟ್ಟರೆ ಡಿಕ್ಕಿಯನ್ನು ಪೂರ್ತಿ ಮುಚ್ಚಬೇಡಿ.

ಕೇಳಿದವರು: ಕಾರು ನಿಲ್ಲುವ ಕಡೆ ಪ್ಲಗ್ ಪಾಯಿಂಟ್ ಇಲ್ಲ. ಸೋಲಾರ್ ಆಗುತ್ತದಾ?

ಉತ್ತರ: ಆಗುತ್ತದೆ, ಆದರೆ ಡ್ಯಾಶ್‌ಬೋರ್ಡ್ ಮೇಲಿಡುವ ಅಂಗೈಯಗಲದ್ದು ಬೇಡ. ಕವರ್ ಹೊದಿಸಿದರೆ ಅದಕ್ಕೆ ಬೆಳಕೇ ಇಲ್ಲ. 20 ವಾಟ್ ಪ್ಯಾನೆಲ್ಲನ್ನು ಗೋಡೆಗೋ ಚಾವಣಿಗೋ ಕೂರಿಸಿ, ಚಾರ್ಜ್ ಕಂಟ್ರೋಲರ್ (ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಸಾಧನ) ಮೂಲಕ, ಬ್ಯಾಟರಿಗೆ ಹೋಗುವ ಪಾಸಿಟಿವ್ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ ಕೊಡಿ. ಒಳ್ಳೆ ಬಿಸಿಲಿಗೆ 1 ಆಂಪಿಯರ್ ಬಂದರೂ ಮೋಡದ ದಿನ ಅದರಲ್ಲಿ ಸಣ್ಣ ಪಾಲೂ ಸಿಗದು. ನಿಮ್ಮ ಕಾರು ನಿಲ್ಲುವುದೇ ಮಳೆಯಲ್ಲಿ, ಹಾಗಾಗಿ ದೊಡ್ಡದೇ ಇರಲಿ. ವಾರಕ್ಕೊಮ್ಮೆ ಮೀಟರ್ ಹಿಡಿದು ನೋಡಿ.

ಉತ್ತರ: ಬಟ್ಟೆ ಟಾಪ್ ಅಂದಿರಿ, ಹಾಗಾದರೆ ಎಲ್ಲಕ್ಕಿಂತ ಮುಖ್ಯ ನೀರು ಹೋಗುವ ತೂತು. ಟಾಪ್ ಮಡಚುವ ಜಾಗದ ಎರಡೂ ಬದಿ ಒಂದೊಂದಿರುತ್ತದೆ. ಮಾಜ್ದಾ ಎಂಎಕ್ಸ್-5ರಲ್ಲಿ ಸೀಟಿನ ಹಿಂದಕ್ಕೆ. ಎಲೆಪುಡಿ, ಮಣ್ಣು ಸೇರಿ ಅಲ್ಲಿ ಕಪ್ಪು ಕೆಸರಿನ ಬಿರಡೆಯಾಗುತ್ತದೆ. ಆಮೇಲೆ ನೀರು ಕಾರ್ಪೆಟ್ ಅಡಿಗೆ. ಪೋರ್ಷ ಬಾಕ್ಸ್‌ಸ್ಟರ್‌ನ 986 ಮಾದರಿಯಲ್ಲಿ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ) ಯೂನಿಟ್ ಸೀಟಿನಡಿಯೇ ಇದೆ. ಅದು ನೆಂದರೆ ಕಾರು ಸ್ಟಾರ್ಟೇ ಆಗದು. ಹುಲ್ಲು ಕತ್ತರಿಸುವ ಯಂತ್ರದ 2 ಮಿಲಿಮೀಟರ್ ನೈಲಾನ್ ದಾರದ ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿ, ತೂತಿನೊಳಗೆ ತಿರುವುತ್ತಾ ಇಳಿಸಿ. ಕಂಪ್ರೆಸರ್ ಗಾಳಿ ಬಿಟ್ಟರೆ ಒಳಗೆ ಪೈಪು ಜೋಡಣೆಯಿಂದ ಕಳಚಿ ಕೆಲಸ ಎರಡಾಗುತ್ತದೆ. ಕೊನೆಗೆ ಅರ್ಧ ಲೀಟರ್ ನೀರು ಮೆಲ್ಲಗೆ ಹೊಯ್ದು, ಹೊಯ್ದಷ್ಟೂ ಕಾರಿನಡಿ ಬೀಳುತ್ತದಾ ನೋಡಿ. ವೈಪರ್ ಕೆಳಗಿನ ತೊಟ್ಟಿ, ಬಾಗಿಲಿನ ಅಡಿಯ ತೂತುಗಳಿಗೂ ಇದೇ ಪಾಠ. ಒದ್ದೆ ಟಾಪನ್ನು ಮಡಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ಒಳಗೆ ಸಿಲಿಕಾ ಜೆಲ್ ಚೀಲ ಇಡಿ. ಪಸೆ ಹೀರಿ ನೀರಾಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಬೇಡ, ಚೆಲ್ಲಿದರೆ ಅದು ಉಪ್ಪುನೀರೇ.

ಉತ್ತರ: "ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ" ಎಂಬ ಸಲಹೆ ಯಾರಾದರೂ ಕೊಡುವ ಮೊದಲೇ ಹೇಳಿಬಿಡುತ್ತೇನೆ: ಮಾಡಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಎಂಜಿನ್ ಬಿಸಿಯಾಗದಿದ್ದರೆ ಅದರಲ್ಲಿ ಒಂದು ಪಾಲು ಸೈಲೆನ್ಸರ್‌ನಲ್ಲೂ ಆಯಿಲ್‌ನಲ್ಲೂ ಉಳಿಯುತ್ತದೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಆಯಿಲ್ 80 ಡಿಗ್ರಿ ದಾಟಲಿ. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ನೆಟ್ಟಗಾದ ಎಷ್ಟೋ ಹೊತ್ತಿನ ಮೇಲೆ ಆಯಿಲ್ ಬಿಸಿಯಾಗುವುದು. ಅಷ್ಟು ಓಡಿಸಲು ಆಗದಿದ್ದರೆ ಮುಟ್ಟದೇ ಬಿಡಿ.

ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಪ್ಯಾಡು ಡಿಸ್ಕಿಗೆ ತುಕ್ಕಿನಲ್ಲಿ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗವಾದರೆ ಗೇರಿನಲ್ಲಿಟ್ಟು ಚಕ್ರದ ಹಿಂದೆ ಮುಂದೆ ಎರಡೂ ಕಡೆ ಉರುಳದಂತೆ ಅಡ್ಡ ತುಂಡು ಕೊಡಿ. ತೊಳೆದ ದಿನ ಹೊದಿಸುವ ಮುಂಚೆ ಒಂದು ಸುತ್ತು ಹೋಗಿ ನಾಲ್ಕೈದು ಸಲ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ಟೈರಿಗೆ ಮಾಮೂಲಿಗಿಂತ 5ರಿಂದ 7 ಪಿಎಸ್‌ಐ ಹೆಚ್ಚು ಗಾಳಿ, ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಮಿತಿ ದಾಟದಂತೆ. ಎರಡು ವಾರಕ್ಕೊಮ್ಮೆ ಚಕ್ರ ಕಾಲು ಸುತ್ತು ಉರುಳುವಷ್ಟು ತಳ್ಳಿ. ಪೆಟ್ರೋಲ್ ಪಂಪು ತಾನಾಗಿ ನಿಲ್ಲುವಷ್ಟು ತುಂಬಿಸಿ ಸಾಕು. ಮೂರು ತಿಂಗಳು ಮೀರುವುದಾದರೆ ಮಾತ್ರ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ, ಅದು ಇಂಜೆಕ್ಟರ್‌ವರೆಗೂ ತಲುಪುವಂತೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ.

ಉತ್ತರ: ಇಲಿ ಬಗ್ಗೆ ಯಾರೂ ಹೇಳಿಲ್ಲ. ಕವರ್ ಹಾಕಿದ ಕಾರು ಅವಕ್ಕೆ ಬೆಚ್ಚನೆ ಮನೆ. ಗೂಡು ಕಟ್ಟುವುದು ಹೆಚ್ಚಾಗಿ ಏರ್ ಫಿಲ್ಟರ್ ಡಬ್ಬಿಯಲ್ಲಿ. ಎಕ್ಸಾಸ್ಟ್ ಬಾಯಿಗೆ ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲ್ ನಾರು ತುರುಕಿ. ಗಾಳಿ ಎಳೆಯುವ ಬಾಯಿಗೆ ಮಾತ್ರ ನಾರು ಬೇಡ, ಎಳೆ ಬಿಡಿಸಿಕೊಂಡು ಎಂಜಿನ್ ಒಳಗೆ ಹೋಗುತ್ತದೆ. ಅಲ್ಲಿಗೆ 5 ಮಿಲಿಮೀಟರ್ ಕಣ್ಣಿನ ಜಾಲರಿ ಕಟ್ಟಿ, ಅದಕ್ಕಿಂತ ದೊಡ್ಡ ಸಂದಿಯಲ್ಲಿ ಮರಿ ಇಲಿ ನುಸುಳುತ್ತದೆ. ನುಸಿಗುಳಿಗೆ ಇಟ್ಟರೆ ಇಲಿ ಹೋಗುತ್ತದೋ ಇಲ್ಲವೋ, ವಾಸನೆಯಂತೂ ಎಸಿಯಿಂದ ತಿಂಗಳುಗಟ್ಟಲೆ ಹೋಗದು.

ತುರುಕಿದ ನಾರಿಗೆ ಒಂದು ಕೆಂಪು ರಿಬ್ಬನ್ ಕಟ್ಟಿ ಹೊರಗೆ ನೇತುಬಿಡಿ. ಎಲ್ಲೆಲ್ಲಿ ಏನೇನು ತುರುಕಿದ್ದೀರಿ, ಟೈರಿಗೆ ಎಷ್ಟು ಗಾಳಿ ಹೆಚ್ಚಿಸಿದ್ದೀರಿ ಎಂದು ಚೀಟಿ ಬರೆದು ಸ್ಟೀರಿಂಗ್‌ಗೆ ಅಂಟಿಸಿ.