ಒಂದರ ಜೋಡಣೆ ಮುಗಿಯುವ ಮೊದಲು ಇನ್ನೊಂದಕ್ಕೆ ಕತ್ತರಿ ಹಾಕಬೇಡ

ಮಗಳೇ, ನಮ್ಮವರ ಈ ಗುಂಪಿನಲ್ಲಿ ನೀನು ಹಾಕಿದ ಸಂದೇಶವನ್ನು ನಿನ್ನೆ ರಾತ್ರಿಯೇ ನೋಡಿದೆ. ಸಮಾಧಾನವಾಗಿ ಹೇಳಬೇಕಾದ ವಿಷಯವಾದ್ದರಿಂದ ಈಗ ಕುಳಿತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ಪೂರ್ತಿ ಕೇಳು. ಪಾಪುವಿನ ಫ್ರಾಕು ಅರ್ಧಕ್ಕೆ ನಿಂತಿದೆ, ನಡುಮನೆಯ ಪರದೆಗಳನ್ನು ಕತ್ತರಿಸಿ ಇಟ್ಟಾಗಿದೆ, ನಿನ್ನ ಕುರ್ತಾದ ಕುತ್ತಿಗೆಯನ್ನು ಕತ್ತರಿಸಿದ ಮೇಲೆ ಅದನ್ನು ಮುಟ್ಟಿಲ್ಲ, ಇವುಗಳ ಜೊತೆಗೆ ದಿಂಬಿನ ಕವರುಗಳಿಗೆಂದು ಹೊಸ ಬಟ್ಟೆಯನ್ನೂ ತೆಗೆದಿಟ್ಟಿದ್ದೀಯ. ಮಷಿನ್ ಮುಂದೆ ಕುಳಿತರೆ ಯಾವುದನ್ನು ಕೈಗೆತ್ತಿಕೊಳ್ಳಬೇಕೆಂದು ತಿಳಿಯದೆ ಎದ್ದುಬಿಡುತ್ತೇನೆ, ಎಲ್ಲವನ್ನೂ ದರ್ಜಿಯ ಹತ್ತಿರ ಕೊಟ್ಟುಬಿಡಲೇ ಎಂದು ಕೇಳಿದ್ದೀಯ. ಕೊಡಬೇಡ. ಇನ್ನೊಬ್ಬರು ಅರ್ಧ ಹೊಲಿದದ್ದನ್ನು ಮುಂದುವರಿಸಲು ಯಾವ ದರ್ಜಿಗೂ ಮನಸ್ಸಿರುವುದಿಲ್ಲ, ಏಕೆಂದರೆ ಹೊಲಿಗೆಗೆಂದು ನೀನು ಎಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದೀಯ ಎಂಬುದು ನಿನಗೆ ಮಾತ್ರ ಗೊತ್ತು.

ನಮ್ಮ ಅತ್ತಿಗೆಯವರ, ಅಂದರೆ ನಿನ್ನ ದೊಡ್ಡಮ್ಮನ, ಕೈಕೆಲಸ ಎಂಥದೆಂದು ಇಲ್ಲಿರುವ ಯಾರಿಗೂ ನಾನು ಹೇಳಬೇಕಾಗಿಲ್ಲ. ಅಂಥವರ ಕೈಯಲ್ಲೇ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಅಪ್ಪನಿಗೊಂದು, ಅಣ್ಣನಿಗೊಂದು ಅಂಗಿ ಹೊಲಿಯಬೇಕಾಗಿತ್ತು. ಎರಡೂ ಕಡುನೀಲಿ ಬಣ್ಣದ ಬಟ್ಟೆಗಳೇ. ಅಪ್ಪನದು ಶುದ್ಧ ಹತ್ತಿ, ಅಣ್ಣನದು ಟೆರಿಕಾಟ್, ಅಂದರೆ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ್ದು. ಹರಡಿದ ಚಾಪೆಯನ್ನು ಎರಡು ಸಲ ಮಡಚುವುದೇಕೆಂದು ಅತ್ತಿಗೆ ಒಂದೇ ಮಧ್ಯಾಹ್ನ ಎರಡನ್ನೂ ಕತ್ತರಿಸಿದರು. ಮಷಿನ್ ಮೇಲೆ ಅದಾಗಲೇ ಮಕ್ಕಳ ಬಟ್ಟೆಗಳಿದ್ದವು, ಪಕ್ಕದಲ್ಲಿ ಹಾಸಿಗೆಯ ಹೊದಿಕೆಯೊಂದು ಕಾಯುತ್ತಿತ್ತು. ಹೀಗಾಗಿ ಎರಡೂ ಅಂಗಿಗಳ ತುಂಡುಗಳನ್ನು ಒಂದೇ ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು.

ಆ ಗಂಟನ್ನು ಬಿಚ್ಚಿದ್ದು ಎಷ್ಟೋ ವಾರಗಳ ನಂತರ, ಅದೂ ಸಂಜೆ ದೀಪದ ಬೆಳಕಿನಲ್ಲಿ. ಅಪ್ಪನ ಮತ್ತು ಅಣ್ಣನ ಕುತ್ತಿಗೆಯ ಅಳತೆ ಒಂದೇ ಆಗಿದ್ದರಿಂದ ಕಾಲರುಗಳೂ ಕಾಲರಿನ ಪಟ್ಟಿಗಳೂ ಒಂದರ ಮೇಲೊಂದು ಇಟ್ಟರೆ ಸರಿಹೊಂದುತ್ತಿದ್ದವು. ಅಪ್ಪನ ಹತ್ತಿಯ ಅಂಗಿಗೆ ಅಣ್ಣನ ಟೆರಿಕಾಟ್ ಕಾಲರು ಸೇರಿಹೋಯಿತು. ಅಂಗಿ ಸಿದ್ಧವಾದಾಗ ಯಾರ ಕಣ್ಣಿಗೂ ಅದು ಬೀಳಲಿಲ್ಲ. ಗೊತ್ತಾದದ್ದು ಮೊದಲ ಸಲ ಒಗೆದು ಒಣಗಿಸಿದ ಮೇಲೆ. ಹತ್ತಿಯ ಮೈ ಸ್ವಲ್ಪ ಕುಗ್ಗಿ ಬಣ್ಣ ತಿಳಿಯಾಗಿತ್ತು. ಟೆರಿಕಾಟ್ ಕುಗ್ಗಲೂ ಇಲ್ಲ, ಬಣ್ಣ ಬಿಡಲೂ ಇಲ್ಲ. ಕುತ್ತಿಗೆಯ ಸುತ್ತ ಬಟ್ಟೆ ಸಣ್ಣ ಸಣ್ಣ ನೆರಿಗೆಗಳಾಗಿ ಸೆಳೆದುಕೊಂಡು, ಕಾಲರು ಹೊರಕ್ಕೆ ಎದ್ದು ನಿಂತಿತ್ತು.

ಬಿಚ್ಚಿ ಸರಿಪಡಿಸೋಣವೆಂದು ನಾನೇ ಅವರ ಪಕ್ಕದಲ್ಲಿ ಕುಳಿತೆ. ನಾಲ್ಕೈದು ಹೊಲಿಗೆಗೊಂದರಂತೆ ಬ್ಲೇಡಿನ ತುದಿಯಿಂದ ದಾರವನ್ನು ಕತ್ತರಿಸಿ, ಹಿಂದಿನಿಂದ ಬಾಬಿನ್ ದಾರವನ್ನು, ಅಂದರೆ ಮಷಿನ್ನಿನ ಕೆಳಗಿನ ದಾರವನ್ನು, ಎಳೆದು ತೆಗೆದರೆ, ಟೆರಿಕಾಟ್ ಬಟ್ಟೆಯ ಮೇಲೆ ಸೂಜಿ ಹೋದ ಜಾಗವೆಲ್ಲ ಚುಕ್ಕೆಚುಕ್ಕೆಯಾಗಿ ಉಳಿಯಿತು. ಅಂಗಿಯ ಕುತ್ತಿಗೆಯ ತಿರುವು ಚೆನ್ನಾಗಿ ಕೂರಲೆಂದು ಒಳಗಿನ ಅಂಚಿಗೆ ಅಲ್ಲಲ್ಲಿ ಕತ್ತರಿಯ ಗೀಟು ಕೊಟ್ಟಿದ್ದರಿಂದ ಮತ್ತೆ ಹೊಲಿಯಲು ಬಟ್ಟೆಯೂ ಉಳಿದಿರಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ, ಆದರೆ ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರಿಗೆ ಹೊಲಿಗೆ ಬಾರದೆ ಹೀಗಾಯಿತೆಂದು ಯಾರೂ ಹೇಳಲಾಗದು. ಮುಗಿಯದ ಕೆಲಸಗಳ ನಡುವೆ ಇನ್ನೆರಡು ಬಟ್ಟೆಗಳನ್ನು ಕತ್ತರಿಸಿ ಇಟ್ಟದ್ದರಿಂದಲೇ ಇದೆಲ್ಲ ಆಯಿತು. ಆದ್ದರಿಂದಲೇ ಹೇಳುತ್ತಿದ್ದೇನೆ: ಒಂದು ಬಟ್ಟೆಯ ತುಂಡುಗಳು ಜೋಡಣೆಯಾಗಿ ಆಕಾರ ಪಡೆಯುವವರೆಗೆ ಇನ್ನೊಂದಕ್ಕೆ ಕತ್ತರಿ ಹಾಕಬೇಡ.

ಕತ್ತರಿಸದ ಬಟ್ಟೆ ಎಷ್ಟು ದಿನ ಬೇಕಾದರೂ ಕಾಯುತ್ತದೆ, ಆದರೆ ಕತ್ತರಿಸಿದ ಬಟ್ಟೆ ಕಾಯುವುದಿಲ್ಲ. ಕುತ್ತಿಗೆ, ಕಂಕುಳು ಮೊದಲಾದ ದುಂಡು ಜಾಗಗಳಲ್ಲಿ ಬಟ್ಟೆಯು ಓರೆಯಾಗಿ ಕತ್ತರಿಸಲ್ಪಟ್ಟಿರುವುದರಿಂದ, ಎತ್ತಿಟ್ಟು ಇಳಿಸಿಟ್ಟಷ್ಟಕ್ಕೇ ಅಲ್ಲಿ ಹಿಗ್ಗುತ್ತದೆ. ಆಮೇಲೆ ಎಷ್ಟು ಜಾಣತನದಿಂದ ಹೊಲಿದರೂ ಕುತ್ತಿಗೆ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಅಂಚಿನ ಎಳೆಗಳು ಬಿಚ್ಚಿಕೊಂಡು, ಹೊಲಿಗೆಗೆ ಬಿಟ್ಟ ಅರ್ಧ ಇಂಚು ಕಾಲು ಇಂಚಾಗುತ್ತದೆ. ಸೀಮೆಸುಣ್ಣದ ಗೆರೆ ಉದುರಿಹೋಗುತ್ತದೆ. ನೀವೆಲ್ಲ ಈಗ ಬಳಸುವ, ತಾನಾಗಿ ಮಾಸುವ ಪೆನ್ನಿನ ಗುರುತಂತೂ ಒಂದೆರಡು ದಿನಗಳಲ್ಲೇ ಕಾಣದಾಗುತ್ತದೆ. ಚುಚ್ಚಿಟ್ಟ ಗುಂಡುಸೂಜಿ ತೇವಕ್ಕೆ ತುಕ್ಕು ಹಿಡಿದರೆ ಆ ಕಲೆ ಸುಲಭವಾಗಿ ಹೋಗದು. ಪಾಪುವಿನ ವಿಷಯದಲ್ಲಿ ಇನ್ನೊಂದಿದೆ: ಬಟ್ಟೆ ಹಾಗೆಯೇ ಇದ್ದರೂ ಮಗು ಬೆಳೆಯುತ್ತಿರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಒಂದರ ಜೋಡಣೆ ಮುಗಿಯದೆ ಇನ್ನೊಂದಕ್ಕೆ ಕತ್ತರಿ ಬೇಡ, ಅದು ಎಷ್ಟೇ ಸಣ್ಣ ಕೆಲಸವಾಗಿದ್ದರೂ ಬೇಡ.

ಇಷ್ಟೊಂದು ಕೆಲಸಗಳು ಒಬ್ಬಳ ಮೇಲೆ ಒಟ್ಟಿಗೆ ಬೀಳುವುದಾದರೂ ಹೇಗೆ ಎಂಬುದನ್ನು ಈ ಗುಂಪಿನಲ್ಲಿರುವ ಉಳಿದವರೂ ಸ್ವಲ್ಪ ಯೋಚಿಸಬೇಕು. ಮನೆಯಲ್ಲಿ ಒಬ್ಬರಿಗೆ ಹೊಲಿಗೆ ಬರುತ್ತದೆಂದರೆ ಉಳಿದ ಎಲ್ಲರ ಹರಿದ ಬಟ್ಟೆಗಳೂ ಅವರ ಮಷಿನ್ ಮೇಲೆ ಬಂದು ಕೂರುತ್ತವೆ. ಒಂದೇ ಒಂದು ಹೊಲಿಗೆ ಹಾಕಿಕೊಡಿ, ಹತ್ತು ನಿಮಿಷದ ಕೆಲಸ ಎನ್ನುತ್ತಾರೆ. ಕೆಟ್ಟ ಜಿಪ್ಪನ್ನು ಬದಲಿಸಬೇಕಾದರೆ ಮೊದಲು ಸೊಂಟಪಟ್ಟಿಯನ್ನು ಬಿಚ್ಚಬೇಕು, ಹಳೆಯ ದಾರದ ಚೂರುಗಳನ್ನು ಒಂದೊಂದಾಗಿ ಹೆಕ್ಕಬೇಕು, ಅದೇ ಬಣ್ಣದ ದಾರ ಹುಡುಕಬೇಕು, ಮಷಿನ್ ಮೇಲಿರುವ ದಾರವನ್ನೂ ಬಾಬಿನ್ನನ್ನೂ ಸೂಜಿಯನ್ನೂ ಬದಲಿಸಬೇಕು. ಕೆಲಸ ಮುಗಿದ ಮೇಲೆ ಅದನ್ನೆಲ್ಲ ಮತ್ತೆ ಮೊದಲಿನಂತೆ ಮಾಡಬೇಕು. ಹೊಲಿಗೆ ಹತ್ತು ನಿಮಿಷವಿರಬಹುದು, ಆದರೆ ಒಂದು ಬೆಳಗ್ಗೆಯೇ ಕಳೆದುಹೋಗಿರುತ್ತದೆ. ಅತ್ತಿಗೆಯವರು ವರ್ಷಗಟ್ಟಲೆ ಹೀಗೆ ಮಾಡಿಕೊಟ್ಟರು. ತಮಗೆಂದು ಕತ್ತರಿಸಿಟ್ಟ ರವಿಕೆಯೊಂದು ಕಪಾಟಿನ ತಳದಲ್ಲೇ ಉಳಿಯಿತು. ದಾರದ ಒಂದು ಉಂಡೆಯನ್ನು ತಂದುಕೊಟ್ಟವರು ನಮ್ಮ ಮನೆಯಲ್ಲಿ ಯಾರಿದ್ದರು? ಇದು ನನಗೆ ಇಂದಿಗೂ ನೋವಿನ ಸಂಗತಿ. ನಿನಗೂ ಹಾಗೇ ಆಗಬಾರದು ಎಂದು ಎಲ್ಲರೂ ಕೇಳಿಸಿಕೊಳ್ಳುವಂತೆ ಇಲ್ಲಿಯೇ ಹೇಳುತ್ತಿದ್ದೇನೆ.

ಅಂದಹಾಗೆ, ನೀನು ಕೇಳಿದ್ದು ಯಾವುದನ್ನು ಮೊದಲು ಹಿಡಿಯಬೇಕೆಂದು. ಅದನ್ನು ಹೇಳದೆಯೇ ಬಿಡುತ್ತಿದ್ದೆ. ಇಂದೇ ಕುರ್ತಾದ ಕುತ್ತಿಗೆಯ ಸುತ್ತ, ಹೊಲಿಗೆ ಬರುವ ಗೆರೆಗಿಂತ ಸ್ವಲ್ಪ ಅಂಚಿನ ಕಡೆಗೆ, ಒಂದೇ ಪದರದ ಮೇಲೆ ಒಂದು ಸುತ್ತು ಮಷಿನ್ ಹೊಲಿಗೆ ಹಾಕಿ ಎತ್ತಿಡು. ಒಂದೊಂದು ಭುಜದಿಂದಲೂ ಬೇರೆಯಾಗಿ ಆರಂಭಿಸಿ ಕುತ್ತಿಗೆಯ ತಿರುವಿನ ಮಧ್ಯದವರೆಗೆ ಬರಬೇಕು. ಅದಾದರೆ ಕುತ್ತಿಗೆ ಹಿಗ್ಗುವುದಿಲ್ಲ, ಕುರ್ತಾ ನಿಶ್ಚಿಂತೆಯಿಂದ ಕಾಯಬಲ್ಲದು. ಆಮೇಲೆ ಫ್ರಾಕನ್ನು ಹಿಡಿ, ಆದರೆ ಮುಂದುವರಿಸುವ ಮೊದಲು ಪಾಪುವಿನ ಎದೆಯ ಸುತ್ತಳತೆಯನ್ನೂ ಉದ್ದವನ್ನೂ ಮತ್ತೊಮ್ಮೆ ತೆಗೆದುಕೋ. ಪರದೆ ನೇರ ಹೊಲಿಗೆಯ ಕೆಲಸ. ಮನಸ್ಸು ದಣಿದ ದಿನಗಳಿಗೆ ಅದನ್ನು ಇಟ್ಟುಕೋ, ಕೆಳಗಿನ ಮಡಿಕೆಯನ್ನು ಮಾತ್ರ ಪರದೆಯನ್ನು ಒಂದೆರಡು ದಿನ ತೂಗುಹಾಕಿ ಬಟ್ಟೆ ಇಳಿದ ಮೇಲೆ ಹೊಲಿ. ದಿಂಬಿನ ಕವರಿನ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿಡು, ಕತ್ತರಿಸಬೇಡ.

ಪ್ರತಿಯೊಂದಕ್ಕೂ ಬೇರೆ ಚೀಲ ಇರಲಿ. ಒಳಗೆ ಒಂದು ಚೀಟಿಯಲ್ಲಿ ಯಾವ ದಾರ, ಎಷ್ಟನೆಯ ನಂಬರಿನ ಸೂಜಿ, ಹೊಲಿಗೆಗೆ ಎಷ್ಟು ಇಂಚು ಬಿಟ್ಟಿದೆ, ಎಲ್ಲಿಗೆ ನಿಲ್ಲಿಸಿದೆ ಎಂದು ಬರೆದಿಡು. ಪರದೆಯ ದಪ್ಪ ಬಟ್ಟೆಗೆ ಹಾಕಿದ 16ನೆಯ ನಂಬರಿನ ಸೂಜಿಯಲ್ಲೇ ಫ್ರಾಕಿನ ತೆಳು ಬಟ್ಟೆಯನ್ನು ಹೊಲಿದರೆ ತೂತುಗಳು ಕಾಣುತ್ತವೆ. ಅದಕ್ಕೆ 11 ಬೇಕು, ಕುರ್ತಾಕ್ಕೆ 14 ಸಾಕು. ಗುಂಡಿ, ಹೆಮ್ಮಿಂಗ್ ಮುಂತಾದ ಕೈಹೊಲಿಗೆಯನ್ನೆಲ್ಲ ಇನ್ನೊಂದು ಚೀಲಕ್ಕೆ ಸೇರಿಸಿದರೆ, ಮಾತನಾಡುತ್ತಾ ಕುಳಿತಲ್ಲೇ ಅದು ಮುಗಿಯುತ್ತದೆ.

ಫ್ರಾಕಿನ ಬೆನ್ನಿಗೆ ಜಿಪ್ಪೋ ಗುಂಡಿಯೋ ಎಂದು ನೀನು ಹೇಳಿಲ್ಲ. ಜಿಪ್ಪಾದರೆ ಪಕ್ಕದ ಹೊಲಿಗೆಗಳನ್ನು ಈಗಲೇ ಮುಚ್ಚಬೇಡ. ಬಟ್ಟೆ ಚಪ್ಪಟೆಯಾಗಿ ಹರಡಿಕೊಂಡಿರುವಾಗಲೇ ಅದನ್ನು ಕೂರಿಸುವುದು ಸುಲಭ. ಹೊಲಿಯುವ ಮೊದಲು ಕಚ್ಚಾ ಹೊಲಿಗೆ ಹಾಕಿ ಒಂದು ಚಿತ್ರ ಕಳುಹಿಸು, ನೋಡಿ ಹೇಳುತ್ತೇನೆ.