ಪದಚರ್ಚೆ: ಗಿಡುಗಕ್ಕೆ ‘ದೂರದೃಷ್ಟಿ’ ಇದೆಯೇ?

ಪ್ರಶ್ನೆ: ಅನುವಾದವೊಂದರಲ್ಲಿ “ಹದ್ದಿನ ದೂರದೃಷ್ಟಿ ಮನುಷ್ಯನದಕ್ಕಿಂತ ಎಂಟು ಪಟ್ಟು ಹೆಚ್ಚು” ಎಂದಿದೆ. ಮೂಲದಲ್ಲಿರುವುದು ‘ಈಗಲ್’, ‘ವಿಷುಯಲ್ ಅಕ್ಯೂಟಿ’ (ಸಣ್ಣ ವಿವರವನ್ನೂ ಬಿಡಿಸಿ ಕಾಣುವ ಶಕ್ತಿ). ಈ ಪದಗಳು ಸರಿಯೇ? ಕಣ್ಣಿನ ಒಳಪರದೆಯಲ್ಲಿ ನೋಟ ಅತಿ ಸ್ಪಷ್ಟವಾಗಿರುವ ಪುಟ್ಟ ತಗ್ಗಾದ ‘ಫೋವಿಯಾ’ಗೆ ಏನನ್ನಬೇಕು?

ಉತ್ತರ: ದೂರದೃಷ್ಟಿ ಬೇಡವೇ ಬೇಡ. ನಮ್ಮಲ್ಲಿ ಅದು ಮುಂದಾಲೋಚನೆ. ಕಣ್ಣಿನ ಮಾತಾದರೆ ಹತ್ತಿರದ್ದು ಮಸುಕಾಗುವ ದೋಷ. ‘ದೃಷ್ಟಿತೀಕ್ಷ್ಣತೆ’ ತಪ್ಪಲ್ಲ, ನಾಲಿಗೆಗೆ ಭಾರ. ‘ಚುರುಕು’ ಎಂದರೆ ಬೇಗ ಕಾಣುವುದು ಎಂದಾಗುತ್ತದೆ. ‘ನೋಟದ ಮೊನಚು’ ನನಗೆ ಒಪ್ಪಿಗೆ.

ಅಳೆಯುವುದೇನು ಎಂದು ನೋಡಿದರೆ ಪದ ತಾನಾಗಿ ಕೂರುತ್ತದೆ. ತೋಳು ಪೂರ್ತಿ ಚಾಚಿ ಕಿರುಬೆರಳು ಎತ್ತಿ ಹಿಡಿಯಿರಿ. ಅದರ ಅಗಲ ಸುಮಾರು ಒಂದು ಡಿಗ್ರಿ. ಅಷ್ಟರೊಳಗೆ ಕಪ್ಪು-ಬಿಳಿ ಗೆರೆಗಳನ್ನು ಒತ್ತಾಗಿ ಎಳೆದರೆ ಮನುಷ್ಯನ ಕಣ್ಣು ಹೆಚ್ಚೆಂದರೆ 60 ಜೋಡಿಯವರೆಗೆ ಬಿಡಿಸಿ ಕಾಣುತ್ತದೆ. ಅದಕ್ಕೂ ಒತ್ತಾದರೆ ಬರೀ ಬೂದು. ಆಸ್ಟ್ರೇಲಿಯಾದ ವೆಡ್ಜ್-ಟೇಲ್ಡ್ ಈಗಲ್‌ನಲ್ಲಿ ಇದು ಸುಮಾರು 140. ಅಂದರೆ ನಾವು 100 ಮೀಟರ್ ದೂರದಲ್ಲಿ ಗುರುತಿಸುವುದನ್ನು ಅದು 230 ಮೀಟರ್ ಆಚೆಯಿಂದ ಗುರುತಿಸೀತು. ಇದೇ ಅಂತರವನ್ನು ವಿಸ್ತೀರ್ಣದ ಲೆಕ್ಕಕ್ಕೆ (2.3 × 2.3) ತಿರುಗಿಸಿದರೂ ಐದೂವರೆಯ ಹತ್ತಿರ ನಿಲ್ಲುತ್ತದೆ, ಎಂಟು ಮುಟ್ಟುವುದಿಲ್ಲ.

‘ಹದ್ದು’ ಎಂಬುದೂ ತೊಡಕಿನದೇ. ಹಕ್ಕಿ ಬಲ್ಲವರಿಗೆ ಅದು ಕೈಟ್, ಈಗಲ್‌ಗಿಂತ ಬೇರೆ ಬೇಟೆಹಕ್ಕಿ. ಈಗಲ್‌ಗೆ ಗಿಡುಗ ಎನ್ನಿ. ‘ಹದ್ದಿನ ಕಣ್ಣಿಟ್ಟ’ ಎಂಬ ನುಡಿಗಟ್ಟು ಹೇಳುವುದು ನಿಗಾವನ್ನು, ಮೊನಚನ್ನಲ್ಲ. ಬೇಟೆಹಕ್ಕಿಗಳೆಲ್ಲ ಒಂದೇ ತಕ್ಕಡಿಯವೂ ಅಲ್ಲ: ಅಮೆರಿಕನ್ ಕೆಸ್ಟ್ರೆಲ್ ಎಂಬ ಪುಟ್ಟ ಚಾಣದ (ಫಾಲ್ಕನ್) ಮೊನಚು ಈಚಿನ ಅಳತೆಗಳಲ್ಲಿ ನಮ್ಮದಕ್ಕಿಂತ ಕಡಿಮೆ ಬಂದಿದೆ. ‘ಹಗಲ ಬೆಳಕಿನಲ್ಲಿ’ ಎಂಬ ಮಾತನ್ನೂ ಬಿಡಬೇಡಿ. ಬೆಳಕು ಕುಂದಿದಂತೆ ಗಿಡುಗದ ಮೊನಚು ಬೇಗ ಇಳಿಯುತ್ತದೆ. ಬೂದು ಹಿನ್ನೆಲೆಯ ಮೇಲೆ ತುಸುವೇ ಗಾಢವಾದ ಬೂದು ಗೆರೆ ಇದ್ದರಂತೂ ನಮ್ಮ ಕಣ್ಣೇ ಮೇಲು. ಆದ್ದರಿಂದ: “ಹಗಲ ಬೆಳಕಿನಲ್ಲಿ ದೊಡ್ಡ ಗಿಡುಗದ ನೋಟದ ಮೊನಚು ಮನುಷ್ಯನ ಎರಡು ಪಟ್ಟಿಗೂ ತುಸು ಮಿಗಿಲು.”

ಫೋವಿಯಾ ಎಂದರೆ ಲ್ಯಾಟಿನ್‌ನಲ್ಲಿ ಕುಳಿ. ‘ನೋಟದ ಕುಳಿ’ ಸಾಕು. ‘ನಡುಗುಳಿ’ ಎಂದರೆ ಕೆಡುತ್ತದೆ. ನಮಗೆ ಕಣ್ಣಿಗೊಂದು ಕುಳಿ, ಗಿಡುಗ-ಚಾಣಗಳಿಗೆ ಎರಡು: ಆಳದ್ದು ಪಕ್ಕಕ್ಕೆ ನೋಡುತ್ತದೆ, ಆಳವಿಲ್ಲದ್ದು ಮುಂದಕ್ಕೆ. ಅತಿ ಮೊನಚು ಇರುವುದು ಪಕ್ಕದ ನೋಟದಲ್ಲಿ. ಕಣ್ಣುಗುಡ್ಡೆ ಹೆಚ್ಚು ಹೊರಳದ ಕಾರಣ, ದೂರದ ಬೇಟೆಯನ್ನು ದಿಟ್ಟಿಸಲು ಹಕ್ಕಿ ತಲೆಯನ್ನೇ ವಾಲಿಸುತ್ತದೆ. ಇದನ್ನು ‘ಓರೆಗಣ್ಣಿನಿಂದ ನೋಡಿತು’ ಎಂದು ಬರೆದರೆ ಅನುಮಾನವೋ ಕಳ್ಳನೋಟವೋ ಆಗಿಬಿಡುತ್ತದೆ. ‘ತಲೆ ವಾಲಿಸಿ ದಿಟ್ಟಿಸಿತು’ ಎನ್ನಿ.